ತಿಪ್ಪಕ್ಕನ ತಣ್ಣನೆಯ ಸೌತೆಕಾಯಿ

“ನ್ಯಾಮತಿಯ ವಾಚನಾಲಯದ ದೊಡ್ಡ ಪರದೆಯನ್ನು ಕಸ ಗುಡಿಸುವ ಹಾಲಮ್ಮನ ಒದ್ದೆ ಕೈ ಕೆಡಿಸಿತು, ಹೊನ್ನಾಳಿಯ ತಿಪ್ಪಕ್ಕ ಬಂದು ಸೌತೆಕಾಯಿ ಉಜ್ಜಿ ಅದನ್ನು ಸರಿಮಾಡಿದಳು.”

ನಮ್ಮ ಕಡೆ ಬಸ್ಸಿಗೆ ಕಾಯುವವರ ನಡುವೆ ಈ ಕಥೆ ಇಂದಿಗೂ ಚಲಾವಣೆಯಲ್ಲಿದೆ. ಸವಳಂಗದಲ್ಲಿ ನಾನು ಕೇಳಿದಾಗ ಸೌತೆಕಾಯಿಯ ಜೊತೆಗೆ ನಿಂಬೆಹಣ್ಣೂ ಸೇರಿತ್ತು. ಚನ್ನಗಿರಿ ತಲುಪುವಷ್ಟರಲ್ಲಿ ಒಂದು ಮಂತ್ರವೂ ಕೂಡಿಕೊಂಡಿತ್ತು. ಈ ವಾಕ್ಯದಲ್ಲಿ ಹಾಲಮ್ಮ ಇದ್ದದ್ದು ನಿಜ, ತಿಪ್ಪಕ್ಕ ಬಂದದ್ದು ನಿಜ, ಸೌತೆಕಾಯಿಯೂ ಆ ದಿನ ಕೋಣೆಯಲ್ಲಿ ಇದ್ದದ್ದು ನಿಜ. ಉಳಿದದ್ದೆಲ್ಲ ಸುಳ್ಳು. ಸೌತೆಕಾಯಿ ಆ ಪರದೆಯನ್ನು ಮುಟ್ಟಲೇ ಇಲ್ಲ; ಅದು ತಿಪ್ಪಕ್ಕನ ಊಟದ ಬುತ್ತಿಯಲ್ಲಿತ್ತು. ಇದನ್ನು ಇಷ್ಟು ಖಚಿತವಾಗಿ ಹೇಳಲು ನನಗೆ ಬೇರೆ ಯಾರಿಗೂ ಇಲ್ಲದ ಅರ್ಹತೆಯೊಂದಿದೆ. ಅದು ಯಾವುದೆಂದು ಮುಂದೆ ತಿಳಿಯುತ್ತದೆ.

ಹೊನ್ನಾಳಿಯ ಬಸ್ ನಿಲ್ದಾಣದ ಹತ್ತಿರ, ಒಂದು ಮಹಡಿ ಮೆಟ್ಟಿಲಿನ ಕೆಳಗೆ, ತಿಪ್ಪಕ್ಕನ ಮೊಬೈಲ್ ರಿಪೇರಿ ಅಂಗಡಿ ಇತ್ತು. ಆಕೆ ಜಗಳೂರು ಕಡೆಯ ಮಗಳು, ಹೊನ್ನಾಳಿಗೆ ಕೊಟ್ಟ ಹೆಣ್ಣು. ಗಂಡ ಚಂದ್ರಣ್ಣ ರೇಡಿಯೋ, ಟೇಪ್ ರೆಕಾರ್ಡರುಗಳ ಕಾಲದ ಮೆಕ್ಯಾನಿಕ್. ಅವನ ಕೈ ನಡುಗಲು ತೊಡಗಿದಾಗ ಬೆಸುಗೆಯ ಕಡ್ಡಿಯನ್ನು ಈಕೆ ಹಿಡಿದಳು; ಅವನು ಬಾಯಲ್ಲಿ ಹೇಳುತ್ತಿದ್ದ, ಈಕೆ ಕೈಯಲ್ಲಿ ಮಾಡುತ್ತಿದ್ದಳು. ಕೆಲವೇ ವರ್ಷಗಳಲ್ಲಿ ಅವನಿಗೆ ಹೇಳಲು ಏನೂ ಉಳಿಯಲಿಲ್ಲ. ಆಮೇಲೆ ಅವನು ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕುಳಿತು ಗಿರಾಕಿಗಳಿಗೆ ಚಹಾ ತರಿಸುವುದನ್ನೂ, “ನಮ್ಮನೆಯೋಳು ನೋಡ್ತಾಳೆ, ಕೂತ್ಕಳ್ರಿ” ಎಂದು ಹೆಮ್ಮೆಯಿಂದ ಹೇಳುವುದನ್ನೂ ತನ್ನ ಉದ್ಯೋಗವಾಗಿ ಮಾಡಿಕೊಂಡ.

ಹಣೆಯಲ್ಲಿ ಅಗಲವಾದ ಕುಂಕುಮ, ಅದರ ಮೇಲಕ್ಕೆ ಸರಿಸಿಟ್ಟ ಭೂತಗನ್ನಡಿಯ ಪಟ್ಟಿ, ಮೇಜಿನ ಮೇಲೆ ಸ್ಟೀಲಿನ ಮಸಾಲೆ ಡಬ್ಬಿ. ಸಾಸಿವೆ, ಜೀರಿಗೆ ಇರಬೇಕಾದ ಬಟ್ಟಲುಗಳಲ್ಲಿ ಸಾಸಿವೆಗಿಂತ ಸಣ್ಣ ತಿರುಪುಗಳು. ಯಾವ ಫೋನಿನ ತಿರುಪು ಯಾವ ಬಟ್ಟಲಿನಲ್ಲಿದೆ ಎಂಬುದನ್ನು ಆಕೆ ಎಂದೂ ಬರೆದಿಟ್ಟವಳಲ್ಲ. “ಒಗ್ಗರಣೆಗೆ ಯಾವ್ದು ಮೊದ್ಲು ಅಂತ ಬರ್ಕೊಂಡು ಹಾಕ್ತಾರೇನ್ರಿ?” ಎನ್ನುತ್ತಿದ್ದಳು. ಮೇಜಿನ ಪಕ್ಕದಲ್ಲಿ ಮಣ್ಣಿನ ಗಡಿಗೆ. ಗಡಿಗೆಯ ನೀರಿನಲ್ಲಿ ಮುಳುಗಿದ ಒಂದು ಎಳೆಯ ಸೌತೆಕಾಯಿ.

ನನಗೂ ಆ ಸೌತೆಕಾಯಿಗೂ ಪರಿಚಯವಾದದ್ದು ನನ್ನ ಬೆರಳಿನ ಅವಮಾನದಿಂದ. ನಾನು ಚನ್ನಗಿರಿಯ ಅಚ್ಚುಕೂಟವೊಂದರಲ್ಲಿ ಸೀಸದ ಅಚ್ಚುಮೊಳೆಗಳನ್ನು ಜೋಡಿಸುತ್ತ ಬದುಕು ಕಳೆದವನು. ಶಾಲೆ ಏಳನೆಯ ತರಗತಿಗೆ ಮುಗಿಯಿತು. ಮುಂದಿನದನ್ನು ತಲೆಕೆಳಗಾದ ಅಕ್ಷರಗಳಿಂದ ಓದಿಕೊಂಡೆ. ಮುಪ್ಪಿನಲ್ಲಿ ನ್ಯಾಮತಿಗೆ ಬಂದು ನೆಲೆಸಿದ ಮೇಲೆ ಕೊಂಡ ಹೊಸ ಫೋನು ನನ್ನ ಬೆರಳನ್ನು ಗುರುತಿಸದೆ ಹೋಯಿತು. ಹತ್ತು ಸಲ ಮುಟ್ಟಿದರೆ ಒಮ್ಮೆ ಓಗೊಡುತ್ತಿತ್ತು. ಕೇಳಿದವರೆಲ್ಲ ಒಂದೇ ಕಾರಣ ಹೇಳಿದರು: ಪರದೆ ಬೆರಳಿನ ಬಿಸಿಗೆ ಕೆಲಸ ಮಾಡುತ್ತದೆ, ವಯಸ್ಸಾದವರ ಬೆರಳಿನಲ್ಲಿ ಬಿಸಿ ಇರುವುದಿಲ್ಲ. ಹತ್ತು ಜನ ಒಂದೇ ಮಾತು ಹೇಳಿದರೆ ಅದನ್ನು ಒಪ್ಪದಿರುವುದು ನನ್ನ ಸ್ವಭಾವ. ಹೊನ್ನಾಳಿಯ ಬಸ್ಸು ಹತ್ತಿದೆ.

ನನ್ನ ದೂರನ್ನು ಕೇಳಿ ತಿಪ್ಪಕ್ಕ ನಗಲಿಲ್ಲ. ಗಡಿಗೆಯಿಂದ ಸೌತೆಕಾಯಿ ತೆಗೆದು, ಸೆರಗಿನಲ್ಲಿ ಒರೆಸಿ, ಅದರ ತುದಿಯಿಂದ ತನ್ನ ಫೋನನ್ನು ತೆರೆದು, ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು.

“ಮುಟ್ಟಿ ನೋಡ್ರಿ ಯಜಮಾನ್ರೇ, ಹೆಂಗೈತೆ?”

“ತಣ್ಣಗಿದೆ.”

“ಮತ್ತೆ ಇದಕ್ಕೇನು ಜ್ವರ ಬಂದಿತ್ತೇನ್ರಿ?”

ನಾನು ಸುಮ್ಮನಾಗುವವನಲ್ಲ. “ನಿಮ್ಮ ಕೈಯ ಕಾವು ಸೌತೆಕಾಯಿಯ ಮೂಲಕ ಹಾದಿರಬಹುದಲ್ಲ?” ಎಂದೆ.

ಚಂದ್ರಣ್ಣ ಹೊರಗಿನಿಂದ, “ಬಂದ್ರು ನೋಡು ವಕೀಲ್ರು!” ಎಂದ.

ತಿಪ್ಪಕ್ಕನಿಗೆ ಮಾತ್ರ ನನ್ನ ಪ್ರಶ್ನೆ ಹಿಡಿಸಿತು. ಒಂದು ಒಣ ಮರದ ತುಂಡನ್ನು ಬೆಸುಗೆಯ ಕಡ್ಡಿಯ ಕಾವಿಗೆ ಹಿಡಿದು, ನನ್ನ ಅಂಗೈಗೆ ಚುರುಕ್ಕೆನ್ನುವಷ್ಟು ಬಿಸಿಮಾಡಿ, ಪರದೆಯ ಮೇಲಿಟ್ಟಳು. ಪರದೆ ಅಲುಗಲಿಲ್ಲ. ಬಿಸಿ ಮರಕ್ಕೆ ಕೇಳದ್ದು ತಣ್ಣನೆಯ ಕಾಯಿಗೆ ಕೇಳಿತು. ಹತ್ತು ಜನರ ಮಾತು ಅಲ್ಲಿಗೆ ಬಿದ್ದುಹೋಯಿತು.

“ಗಾಜಿನ ಕೆಳಗೆ ಕಣ್ಣಿಗೆ ಕಾಣದಂಗೆ ಒಂದು ಜಾಲ ಹಾಸಿರ್ತಾರೆ, ಮೀನಿನ ಬಲೆ ಇದ್ದಂಗೆ. ಅದರಾಗೆ ಚೂರೇ ಚೂರು ಕರೆಂಟು ನಿಂತಿರ್ತೈತೆ. ನಮ್ಮ ಮೈಯಾಗೆ ನೀರು ಐತೆ, ಉಪ್ಪು ಐತೆ, ಸೌತೆಕಾಯಾಗೂ ಐತೆ. ಅಂಥದ್ದು ಹತ್ರ ಬಂದ್ರೆ ಆ ಕರೆಂಟು ಒಂದು ಗುಟುಕು ಈ ಕಡೆ ವಾಲ್ತೈತೆ. ಎಲ್ಲಿ ವಾಲ್ತು ಅಂತ ಫೋನು ಲೆಕ್ಕ ಹಿಡೀತೈತೆ. ಒಣ ಮರದಾಗೆ ಏನೈತ್ರಿ ವಾಲಾಕೆ?”

“ಹಾಗಾದರೆ ನನ್ನ ಮೈಯಲ್ಲಿ ನೀರೂ ಉಪ್ಪೂ ಇಲ್ಲವೇ?”

ಆಕೆ ನನ್ನ ಫೋನನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಉಗುರಿನಿಂದ ಅಂಚನ್ನು ಎಬ್ಬಿಸಿ, ಗೀರು ಬೀಳದಿರಲೆಂದು ಅಂಟಿಸಿದ ದಪ್ಪ ಗಾಜಿನ ಕಾಪನ್ನು ತೆಗೆದಳು. ಅದರ ಕೆಳಗೆ ಇನ್ನೊಂದು ಕಾಪು. ಅದರ ಕೆಳಗೆ ಕಂಪನಿಯವರು ಡಬ್ಬಿಯಲ್ಲಿ ಇಡುವಾಗ ಅಂಟಿಸಿದ ಪ್ಲಾಸ್ಟಿಕ್ ಹಾಳೆ. ಹೊಸ ವಸ್ತುವಿನ ಹೊದಿಕೆ ಕೀಳಬಾರದೆಂದು ನಾನೇ ಅದನ್ನು ಜೋಪಾನವಾಗಿ ಉಳಿಸಿಕೊಂಡಿದ್ದೆ. ಎರಡು ಕಾಪುಗಳನ್ನೂ ಅದರ ಮೇಲೆಯೇ ಹಾಕಿಸಿದ್ದೆ.

“ಮೂರು ಕಂಬಳಿ ಹೊದಿಸಿ ಮಲಗಿಸೀರಿ. ಆಮೇಲೆ ಕೂಗಿದ್ರೆ ಓಗೊಡಲ್ಲ ಅಂತ ಬಯ್ದರೆ ಹೆಂಗ್ರಿ? ಜೊತೆಗೆ ನಿಮ್ಮ ಬೆರಳ ತುದಿ ಒಣಗಿ ಚಕ್ಕೆ ಆಗೈತೆ. ಒಂಚೂರು ಕೊಬ್ಬರಿಯೆಣ್ಣೆ ಹಚ್ಕಳ್ರಿ.”

ಫೋನು ಒಂದೇ ಮುಟ್ಟಿಗೆ ಎಚ್ಚರವಾಯಿತು. ಮಧ್ಯಾಹ್ನವಾಗಿತ್ತು. ತಿಪ್ಪಕ್ಕ ಸೌತೆಕಾಯಿಯನ್ನು ನಾಲ್ಕು ಹೋಳು ಮಾಡಿ, ಉಪ್ಪು ಖಾರ ಉದುರಿಸಿ, ಒಂದು ಹೋಳನ್ನು ನನಗೂ ಕೊಟ್ಟಳು. “ಸಾಕ್ಷಿ ಹೇಳಿದ ಮ್ಯಾಲೆ ಇದರ ಕೆಲ್ಸ ಮುಗೀತು. ತಿನ್ರಿ.”

ಅಂದಿನಿಂದ ಹೊನ್ನಾಳಿಯ ಕಡೆ ನನಗೆ ಇಲ್ಲದ ಕೆಲಸಗಳೆಲ್ಲ ಹುಟ್ಟಿಕೊಂಡವು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ಆಕೆಯನ್ನು ನಾನು ಅಕ್ಕ ಎಂದೇ ಕರೆದೆ. ಕಲಿಸಿದವರಿಗೆ ವಯಸ್ಸಿನ ರಿಯಾಯಿತಿ ಸಲ್ಲಬೇಕು. ಕಡ್ಡಿಯಿಂದ ಸಹಿ ಮಾಡಿಸಿಕೊಳ್ಳುವ ಹಳೆಯ ಯಂತ್ರವೊಂದನ್ನು ಒಮ್ಮೆ ಬಿಚ್ಚಿ ತೋರಿಸಿದಳು. ಅದರ ಪರದೆ ಎರಡು ತೆಳು ಪದರ. ನಡುವೆ ಕಣ್ಣಿಗೆ ಕಂಡೂ ಕಾಣದ ಚುಕ್ಕಿಗಳು ಎರಡನ್ನೂ ಬೇರೆಯಾಗಿ ಇಟ್ಟಿರುತ್ತವೆ. “ಉಬ್ಬಿದ ರೊಟ್ಟಿ ಇದ್ದಂಗೆ. ಒತ್ತಿದ ಕಡೆ ಮ್ಯಾಲಿನ ಪದರ ಕೆಳಗಿನದಕ್ಕೆ ಅಂಟ್ತೈತೆ, ಅಲ್ಲಿ ಕರೆಂಟು ದಾಟ್ತೈತೆ. ಇದಕ್ಕೆ ಬೆರಳಾದ್ರೂ ಒಂದೇ, ಉಗುರಾದ್ರೂ ಒಂದೇ, ಕಡ್ಡಿಯಾದ್ರೂ ಒಂದೇ. ಒತ್ತಬೇಕು ಅಷ್ಟೆ.” ಗಾಜಿನ ಮೇಲೆ ಸದ್ದಿನ ಅಲೆ ಓಡಿಸುವ ಪರದೆಯೂ ಉಂಟೆಂದು ನಾನು ಎಲ್ಲೋ ಓದಿದ್ದನ್ನು ಹೇಳಿದಾಗ ಮಾತ್ರ ಆಕೆ ಕೈ ಆಡಿಸಿಬಿಟ್ಟಳು. “ನಾನದನ್ನ ಬಿಚ್ಚಿಲ್ಲ. ಬಿಚ್ಚಿ ನೋಡ್ದೆ ಮಾತಾಡಬಾರದು ಯಜಮಾನ್ರೇ.” ಇದು ಆಕೆಯ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತಿದ್ದ ಮಾತು. ಓದಿದ್ದನ್ನೆಲ್ಲ ಕಂಡದ್ದೆಂದು ತಿಳಿಯುವ ನನ್ನಂಥವನಿಗೆ ಅದು ಪ್ರತಿ ಸಲವೂ ಚುಚ್ಚುತ್ತಿತ್ತು.

ಈಗ ವಾಚನಾಲಯದ ಸಂಗತಿ.

ನ್ಯಾಮತಿಯಲ್ಲಿ ಷಡಕ್ಷರಪ್ಪ ಎಂಬ ವರ್ತಕರು ತಮ್ಮ ತಂದೆಯ ನೆನಪಿಗೆ ಒಂದು ಕೋಣೆಯ ವಾಚನಾಲಯ ಕಟ್ಟಿಸಿದ್ದಾರೆ. ಅದರ ಸಮಿತಿಯಲ್ಲಿ ನಾನು ಹಿರಿಯ ಸದಸ್ಯ. ಹಾಲಮ್ಮ ಹನ್ನೊಂದು ವರ್ಷಗಳಿಂದ ಅಲ್ಲಿ ಬಾಗಿಲು ತೆರೆದು, ಕಸ ಗುಡಿಸಿ, ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸಿಡುವವಳು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಾಳೆ. ಅಕ್ಷರ ಬಾರದೆ ಬಂದವಳು ಪತ್ರಿಕೆಗಳ ದಪ್ಪ ಅಕ್ಷರಗಳಿಂದ ಓದಲು ಕಲಿತದ್ದು ಅಲ್ಲಿಯೇ. ಎಲ್ಲರೂ ಹೋದ ಮೇಲೆ ಒಂದು ಗಂಟೆ ಕುಳಿತು ಓದುವುದು ಆಕೆಯ ಸುಖ. ಷಡಕ್ಷರಪ್ಪನವರು ಗೋಡೆಗೆ ಆಳೆತ್ತರದ ಪರದೆಯೊಂದನ್ನು ಹಾಕಿಸಿ, ಅದರಲ್ಲಿ ಪುಸ್ತಕಗಳ ಪುಟ ಮಗುಚಿ ಓದುವಂತೆ ಮಾಡಿದಾಗ, ಮೊದಲ ಪುಸ್ತಕವನ್ನು ಪೂರ್ತಿ ಓದಿ ಮುಗಿಸಿದ್ದು ಹಾಲಮ್ಮ. ಅಕ್ಷರವನ್ನು ದೊಡ್ಡದು ಮಾಡಿಕೊಳ್ಳಬಹುದಲ್ಲ!

ಮೂರು ವರ್ಷಗಳ ಹಿಂದಿನ ಆಯುಧಪೂಜೆಯ ದಿನ ಪರದೆಯನ್ನು ಆರಿಸಿ ಪೂಜೆ ಮಾಡಿದೆವು. ಮರುದಿನ ವಿಜಯದಶಮಿ, ಬಾಗಿಲು ಹಾಕಿತ್ತು. ಅದರ ಮರುದಿನ ಬೆಳಿಗ್ಗೆ ಷಡಕ್ಷರಪ್ಪನವರು ಒಳಗೆ ಕಾಲಿಟ್ಟಾಗ ಹಾಲಮ್ಮ ಬೆಂಚಿನ ಪಕ್ಕದಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. “ಏಯ್, ಕರೆಂಟಿನ ಮಿಷನ್ ಮ್ಯಾಲೆ ನೀರೇನವ್ವ?” ಎಂದು ಅವರು ತಡೆದರು. ಪರದೆಯನ್ನು ಚಾಲೂ ಮಾಡಿದರು. ಯಾವ ಪುಸ್ತಕ ತೆರೆದರೂ ಅದು ಕ್ಷಣದಲ್ಲಿ ತಾನೇ ಮುಚ್ಚಿಕೊಳ್ಳುತ್ತಿತ್ತು.

ತೀರ್ಪಿಗೆ ಇನ್ನೇನು ಬೇಕು? ಒದ್ದೆ ಕೈ ಕಣ್ಣಿಗೆ ಕಂಡಿತ್ತು, ಕೆಟ್ಟ ಯಂತ್ರ ಎದುರಿಗಿತ್ತು. ಹಾಲಮ್ಮನ ಕೈ ಮುಸುರೆ ತಿಕ್ಕಿ ಸವೆದಿದೆ, ಅಂಥ ಕೈ ಯಂತ್ರಕ್ಕೆ ಆಗಿಬರುವುದಿಲ್ಲ ಎಂದು ಸಮಿತಿಯಲ್ಲಿ ಒಬ್ಬರು ವಿಜ್ಞಾನವನ್ನೂ ಹೇಳಿದರು. ಷಡಕ್ಷರಪ್ಪನವರು ಕೆಟ್ಟವರಲ್ಲ. “ನಿನ್ನ ಮ್ಯಾಲೆ ಸಿಟ್ಟಿಲ್ಲವ್ವ ಹಾಲಮ್ಮ. ಸೋಮವಾರ ಬೀಗದ ಕೈ ಕೊಟ್ಟುಬಿಡು. ಬೇರೆ ಯಾರನ್ನಾದ್ರೂ ನೋಡ್ತೀವಿ” ಎಂದರು, ಬಹಳ ಮೆಲ್ಲಗೆ.

ಹಾಲಮ್ಮ ಕೇಳಿದ್ದು ಒಂದೇ: “ಬೀಗದ ಕೈ ಕೊಟ್ಟ ಮ್ಯಾಲೆ ಸಾಯಂಕಾಲ ಓದಾಕೆ ಬರಬಹುದೇನ್ರಿ?”

ಪೂಜೆಗೂ ಒರೆಸಿದ್ದಕ್ಕೂ ನಡುವೆ ಯಾರೂ ಆ ಪರದೆಯನ್ನು ಚಾಲೂ ಮಾಡಿ ನೋಡಿರಲಿಲ್ಲ. ಈ ಸರಳವಾದ ಮಾತು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಎಲ್ಲರೂ ಒಪ್ಪಿದರು ಎಂಬ ಕಾರಣಕ್ಕೆ ಮಾತ್ರ ನನಗೆ ಅನುಮಾನ ಬಂದು, ಸೋಮವಾರಕ್ಕೆ ಮೊದಲು ತಿಪ್ಪಕ್ಕನನ್ನು ಕರೆಸುತ್ತೇನೆ ಎಂದೆ.

ಭಾನುವಾರ ಆಕೆ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಳು. ಯಾರ ಮಾತನ್ನೂ ಕೇಳದೆ ಮೊದಲು ಪರದೆಯನ್ನು ಚಾಲೂ ಮಾಡಿಸಿ, ನನ್ನ ಜೇಬಿನ ಮರದ ಪೆನ್ಸಿಲನ್ನು ತೆಗೆದುಕೊಂಡು, ಅದರ ಹಿಂತುದಿಯಿಂದ ಗಾಜನ್ನು ಮೆಲ್ಲಗೆ ಸವರಿದಳು. ಪುಟ ಸರಿಯಿತು, ಮರುಕ್ಷಣ ಪುಸ್ತಕ ಮುಚ್ಚಿಕೊಂಡಿತು.

“ಕಂಡ್ರಾ? ಮರಕ್ಕೂ ಕೇಳ್ತು. ಒತ್ತಲೂ ಇಲ್ಲ, ಸುಮ್ನೆ ತಾಗಿಸಿದೆ. ಇದು ಫೋನಿನ ಜಾತಿನೂ ಅಲ್ಲ, ರೊಟ್ಟಿ ಜಾತಿನೂ ಅಲ್ಲ. ಇದಕ್ಕೆ ಕೈ ಒದ್ದೆನೋ, ಒಣಗೈತೋ, ಸವೆದೈತೋ ಗೊತ್ತೇ ಆಗಲ್ಲ. ಇದು ಬೆಳಕಿನ ಜಾತಿ.”

ಕಿಟಕಿಗಳನ್ನು ಮುಚ್ಚಿಸಿದಳು. ತನ್ನ ಫೋನಿನ ಕ್ಯಾಮೆರಾ ತೆರೆದು ಚೌಕಟ್ಟಿನ ಒಳ ಅಂಚಿಗೆ ಹಿಡಿದು, ನಮ್ಮನ್ನು ಹತ್ತಿರ ಕರೆದಳು. ಬರಿಗಣ್ಣಿಗೆ ಕಪ್ಪು ಪಟ್ಟಿಯಂತೆ ಕಂಡದ್ದು ಫೋನಿನಲ್ಲಿ ತಿಳಿನೇರಳೆ ದೀಪಗಳ ಸಾಲಾಗಿತ್ತು. ಟಿವಿಯ ರಿಮೋಟಿನ ತುದಿಯಲ್ಲಿರುವುದೂ ಇಂಥದೇ ಬೆಳಕಂತೆ. ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ.

“ಮ್ಯಾಲಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಬೆಳಕಿನ ಎಳೆ ಹಾಯ್ತಾ ಇರ್ತಾವು. ಮಗ್ಗದಾಗೆ ಹಾಸು-ಹೊಕ್ಕು ಇದ್ದಂಗೆ. ನಾವು ಬೆರಳಿಟ್ರೆ ಒಂದು ಹಾಸು, ಒಂದು ಹೊಕ್ಕು ತಡೀತೈತೆ. ಎರಡೂ ಕೂಡೋ ಜಾಗದಾಗೆ ಬೆರಳೈತೆ ಅಂತ ಮಿಷನ್ನು ತಿಳ್ಕೊಳ್ತೈತೆ. ಈಗ ಈ ಮೂಲೆ ನೋಡ್ರಿ.”

ಮೇಲಿನ ಬಲಮೂಲೆಯಲ್ಲಿ ದೀಪಗಳ ಸಾಲು ತುಂಡಾಗಿತ್ತು. ಪುಸ್ತಕ ಮುಚ್ಚುವ ಗುರುತು ಇದ್ದದ್ದೂ ಪರದೆಯ ಅದೇ ಮೂಲೆಯಲ್ಲಿ.

ತಿಪ್ಪಕ್ಕ ಬೆಂಚು ಏರಿ, ಹತ್ತಿ ಸುತ್ತಿದ ಕಡ್ಡಿಯನ್ನು ಆ ಸಂದಿಯಲ್ಲಿ ಆಡಿಸಿದಳು. ಹತ್ತಿ ಕೆಂಪಾಗಿ ಹೊರಬಂತು. ಗಂಧದ ಮೇಲೆ ಒತ್ತಿದ ಕುಂಕುಮ, ಒಣಗಿ ಗಟ್ಟಿಯಾಗಿತ್ತು. ಎತ್ತರದ ಸಂದಿಯೊಳಗೆ ಕುಳಿತದ್ದರಿಂದ ಕಣ್ಣಿಗೆ ಬಿದ್ದಿರಲಿಲ್ಲ. ಬೆರಳಿನಿಂದಲೂ ಒಂದಿಷ್ಟು ಕೆರೆದಳು. ಪರದೆಯಲ್ಲಿ ತೆರೆದ ಪುಸ್ತಕ ತೆರೆದೇ ನಿಂತಿತು.

“ದಿನವಿಡೀ ಆ ಮೂಲೆಯಾಗೆ ಒಬ್ಬರು ಬೆರಳಿಟ್ಕೊಂಡು ನಿಂತಿದ್ರು ನೋಡ್ರಿ, ‘ಮುಚ್ಚು, ಮುಚ್ಚು’ ಅಂತ. ಬರೀ ಈ ಮೂಲೆಗೆ ಇಟ್ಟಿದ್ರಾ, ನಾಲ್ಕಕ್ಕೂ ಇಟ್ಟಿದ್ರಾ?”

“ನಾಲ್ಕಕ್ಕೂ ಇತ್ರಿ” ಎಂದಳು ಹಾಲಮ್ಮ. “ಅವತ್ತು ಬೆಳಿಗ್ಗೆ ಕೆಳಗಿನ ಎರಡು ಒರೆಸಿದೆ. ಬೆಂಚು ಹತ್ತಿ ಮ್ಯಾಲಿನ ಎಡಗಡೇದು ಒರೆಸಿದೆ. ಬೆಂಚು ಈ ಕಡೆ ಎಳೆಯಾಕೆ ಹೋದೆ, ಸಾಹುಕಾರ್ರು ಬ್ಯಾಡ ಅಂದ್ರು.”

ಯಂತ್ರವನ್ನು ಮುಕ್ಕಾಲು ಪಾಲು ಸರಿಮಾಡಿದ್ದವಳು ಆಕೆ. ಉಳಿದ ಕಾಲು ಪಾಲನ್ನು ನಾವು ತಡೆದಿದ್ದೆವು.

“ಸರಿ. ಈ ಕುಂಕುಮ ಇಟ್ಟ ಪುಣ್ಯಾತ್ಮರು ಯಾರು?” ಎಂದಳು ತಿಪ್ಪಕ್ಕ.

ಆ ಪುಣ್ಯಾತ್ಮ ಆಕೆಯ ಎದುರಿಗೇ ನಿಂತಿದ್ದ. ಅಚ್ಚುಕೂಟದಲ್ಲಿ ಪ್ರತಿವರ್ಷ ಯಂತ್ರದ ನಾಲ್ಕು ಮೂಲೆಗೆ ಗಂಧ ಕುಂಕುಮ ಇಡುತ್ತಿದ್ದವನು ನಾನೇ. ಆ ಅಭ್ಯಾಸದಂತೆ ಇಲ್ಲಿಯೂ ಇಟ್ಟಿದ್ದೆ. ಹೊರಗಿಟ್ಟರೆ ಒರೆಸಿಹೋಗುತ್ತದೆ ಎಂದು ಚೌಕಟ್ಟಿನ ಒಳಸಂದಿಗೆ, ಮೊಳೆ ಕೂರಿಸುವ ಎಚ್ಚರದಿಂದ, ಒತ್ತಿ ಇಟ್ಟಿದ್ದೆ. ಪೂಜೆಯ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ಹಾಲಮ್ಮ. ಉಳಿದವರಾರೂ ಆಗ ಕೋಣೆಯಲ್ಲಿರಲಿಲ್ಲ. ಮಂಡಕ್ಕಿ ಹಂಚಲು ಹೊರಗೆ ಹೋಗಿದ್ದರು. ನಾನು ಹಾಲಮ್ಮನ ಕಡೆ ನೋಡಿದೆ. ಆಕೆ ನೆಲ ನೋಡುತ್ತಿದ್ದಳು.

“ಯಾರೋ ದೊಡ್ಡೋರು ಭಕ್ತಿಯಿಂದ ಇಟ್ಟಿರಬೇಕು ಬಿಡ್ರಿ. ಸರಿಹೋತಲ್ಲ” ಎಂದಳು.

ತನ್ನ ಬೀಗದ ಕೈ ಕಳೆದುಕೊಳ್ಳಲಿದ್ದವಳು ನನ್ನ ಮಾನ ಕಾಯುತ್ತಿದ್ದಳು. ಲೋಕದ ಕಥೆಗಳನ್ನೆಲ್ಲ ಅನುಮಾನಿಸುತ್ತ ಬಂದವನು ನನ್ನ ಬೆರಳನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ.

“ನಾನೇ ಇಟ್ಟದ್ದು” ಎಂದೆ.

ತಿಪ್ಪಕ್ಕ ಬೆಂಚಿನಿಂದ ಇಳಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಲ್ಲ ಯಜಮಾನ್ರೇ, ನಿಮ್ಮ ಫೋನಿಗೆ ಕಂಬಳಿ ಹೊದಿಸಿದ್ರಿ, ಇದಕ್ಕೆ ಕಣ್ಣು ಮುಚ್ಚಿದ್ರಿ. ಇನ್ಮ್ಯಾಲೆ ಯಾವ ಮಿಷನ್ನಿಗೂ ಇಷ್ಟು ಪ್ರೀತಿ ತೋರಿಸಬ್ಯಾಡ್ರಿ, ತಡೆಯಾಕಾಗಲ್ಲ ಅವಕ್ಕೆ!”

ಮೊದಲು ನಕ್ಕವಳು ಹಾಲಮ್ಮ. ಷಡಕ್ಷರಪ್ಪನವರು ನಗಲು ಸ್ವಲ್ಪ ಹೊತ್ತು ಹಿಡಿಯಿತು. ನಕ್ಕ ಮೇಲೆ ಹಾಲಮ್ಮನಿಗೆ ಕೈ ಮುಗಿದು, “ತಪ್ಪಾತವ್ವ” ಎಂದರು. ನಾನು ಸಮಿತಿಯ ನಡಾವಳಿ ಪುಸ್ತಕ ತರಿಸಿ, ನಡೆದದ್ದನ್ನು ಅಲ್ಲಿಯೇ ಬರೆದು ಸಹಿ ಹಾಕಿದೆ. ತಿಪ್ಪಕ್ಕ ಪುಟದ ಮೇಲೆ ಬೆರಳಿಟ್ಟು, ಸಾಲು ಸಾಲಾಗಿ ಓದಿ, “ನನ್ನ ಹೆಸರೂ ಹಾಕ್ರಿ. ಬಿಚ್ಚಿ ನೋಡಿದೋಳು ನಾನು” ಎಂದು ತಾನೂ ಸಹಿ ಮಾಡಿದಳು. ಆಮೇಲೆ ಬುತ್ತಿ ಬಿಚ್ಚಿ ಸೌತೆಕಾಯಿ ಹೆಚ್ಚಿ ಎಲ್ಲರಿಗೂ ಹಂಚಿದಳು. ಸೌತೆಕಾಯಿ ಕಥೆಯೊಳಗೆ ಸೇರಿದ್ದು ಹೀಗೆ.

ಕೊನೆಯ ಸಲ ಆಕೆಯನ್ನು ನೋಡಿದ್ದು ಹೊನ್ನಾಳಿಯ ಅಂಗಡಿ ಖಾಲಿ ಮಾಡುವ ದಿನ. ಜಗಳೂರಿನಲ್ಲಿ ಪರದೆ ಒಡೆದುಕೊಂಡವರು ದಾವಣಗೆರೆಗೆ ಓಡಬೇಕಾಗಿದೆ, ತವರಿನವರಿಗೆ ನಾನಿದ್ದೂ ಏನು ಪ್ರಯೋಜನ ಎಂದು ಅಲ್ಲಿಗೇ ಹೊರಟಿದ್ದಳು. ಚಂದ್ರಣ್ಣ ತನ್ನ ಸ್ಟೂಲನ್ನು ಮೊದಲು ಗಾಡಿಗೆ ಹಾಕಿಸಿ ಆಗಿತ್ತು. ತಿಪ್ಪಕ್ಕ ನನ್ನನ್ನು ಕಂಡದ್ದೇ ಕೈ ಹಿಡಿದು ಒಳಗೆ ಎಳೆದಳು. ಗುಜರಿಯಿಂದ ತಂದ ಹಳೆಯ ಯಂತ್ರವೊಂದರ ದಪ್ಪ ಗಾಜು ಮೇಜಿನ ಮೇಲಿತ್ತು.

“ನಿಮ್ಮ ಸದ್ದಿನ ಪರದೆ! ಬಿಚ್ಚಿದೆ ಯಜಮಾನ್ರೇ!” ಮಸಾಲೆ ಡಬ್ಬಿಯ ತಟ್ಟೆಯಲ್ಲಿ ನೀರು ಹಾಕಿ, ಒಂದು ಅಂಚಿಗೆ ಬೆರಳು ಬಡಿದು ತೆರೆ ಎಬ್ಬಿಸಿದಳು, ನಡುವೆ ಇನ್ನೊಂದು ಬೆರಳಿಟ್ಟು ತೋರಿಸಿದಳು. “ಕಿವಿಗೆ ಕೇಳದಷ್ಟು ಸಣ್ಣ ಸದ್ದು ಗಾಜಿನ ಮ್ಯಾಲೆ ಹಿಂಗೇ ಓಡ್ತೈತೆ. ಮೆತ್ತನೆ ಬೆರಳು ಅದನ್ನ ಒಂಚೂರು ನುಂಗ್ತೈತೆ. ಎಲ್ಲಿ ನುಂಗ್ತು ಅಂತ ಅಂಚಿನಾಗೆ ಲೆಕ್ಕ ಸಿಗ್ತೈತೆ. ಗಟ್ಟಿ ಪೆನ್ಸಿಲ್ ಇಟ್ರೆ ಕೇಳಲ್ಲ. ಅದರ ಹಿಂದಿನ ರಬ್ಬರ್ ಇಟ್ರೆ ಕೇಳ್ತೈತೆ. ನೀವು ಓದಿದ್ದು ಖರೆ ಐತೆ ನೋಡ್ರಿ.” ಅಷ್ಟು ವರ್ಷಗಳಲ್ಲಿ ನನ್ನ ಓದಿಗೆ ಆಕೆ ಕೊಟ್ಟ ಪ್ರಮಾಣಪತ್ರ ಅದೊಂದೇ.

ಕಳೆದ ವರ್ಷ ಚಂದ್ರಣ್ಣ ಫೋನು ಮಾಡಿದ. ತಿಪ್ಪಕ್ಕ ಹೋಗಿಬಿಟ್ಟಳು, ಮೂರು ದಿನದ ಜ್ವರವಂತೆ. “ಗಡಿಗೆಯಾಗೆ ಸೌತೆಕಾಯಿ ಹಂಗೇ ಐತ್ರಿ” ಎಂದು ಅವನೇ ಫೋನಿಟ್ಟ.

ಸೌತೆಕಾಯಿ ಉಜ್ಜಿದ ಕಥೆಯನ್ನು ನಂಬುವವರು ನಂಬಲಿ. ಅನುಮಾನ ಇದ್ದವರು ನ್ಯಾಮತಿಗೆ ಬಂದು ಹಾಲಮ್ಮನನ್ನು ಕೇಳಬಹುದು. ಬೀಗದ ಕೈ ಈಗಲೂ ಆಕೆಯ ಸೊಂಟದಲ್ಲಿದೆ. ಆಯುಧಪೂಜೆಯ ದಿನ ನನ್ನ ಕೈಯಿಂದ ಕುಂಕುಮದ ಬಟ್ಟಲನ್ನು ಕಿತ್ತುಕೊಂಡು, “ನೀವು ಗೋಡೆಗೆ ಇಡ್ರಿ ಸಾಕು” ಎನ್ನುವವಳೂ ಆಕೆಯೇ. ಕೇಳಿದರೆ ನಡಾವಳಿ ಪುಸ್ತಕ ತೆಗೆದು ತೋರಿಸುತ್ತಾಳೆ. “ಪರದೆ ಕೆಟ್ಟದ್ದು ನನ್ನ ಕೈಯಿಂದ, ಹಾಲಮ್ಮನವರ ಕೈಯಿಂದ ಅದು ಮುಕ್ಕಾಲು ಸರಿಯಾಗಿತ್ತು” ಎಂಬ ಸಾಲು, ಅದರ ಕೆಳಗೆ ನನ್ನ ಸಹಿ, ಅದರ ಕೆಳಗೆ ತಿಪ್ಪಕ್ಕನ ಸಹಿ. ಅಂಚಿನಲ್ಲಿ, ಆಕೆ ಸಾಲು ಹಿಡಿದು ಓದಿದ ಜಾಗದಲ್ಲಿ, ಒಂದು ಬೆರಳಿನ ಕೆಂಪು ಗುರುತು ಇನ್ನೂ ಇದೆ. ಹಾಲಮ್ಮ ಅದೊಂದನ್ನು ಮಾತ್ರ ಒರೆಸಿಲ್ಲ.